ಡೊರೀನಳ ಅಂಗಳದ ಎರಡು ಬೋರ್ಡು

ಡೊರೀನ್ ಬಾಗಿಲು ತೆರೆದಾಗ ಎಡಮನೆಯ ಕೆಂಪು ಪಕ್ಷದ ಹಾಲಿಸ್ ಅವಳ ಹುಲ್ಲಿನಂಗಳದಿಂದ ನೀಲಿ ಪಕ್ಷದ ಬೋರ್ಡು ಕೀಳುತ್ತಿದ್ದ. ಬಲಮನೆಯ ನೀಲಿ ಪಕ್ಷದ ವಿಲ್ಮಾ ಕೆಂಪು ಪಕ್ಷದ್ದನ್ನು ಆಗಲೇ ಕಿತ್ತು ಕಂಕುಳಿಗೆ ಸೇರಿಸಿದ್ದಳು. ಹೋದ ಚುನಾವಣೆಯಿಂದ ಒಬ್ಬರ ಮುಖ ಒಬ್ಬರು ನೋಡದ ನೆರೆಯವರು ಇವರು.

"ನನ್ನ ಅಂಗಳಕ್ಕೆ ಕೈಹಾಕೋಕೆ ನೀವ್ಯಾರು?"

"ಷೆರೀಫ್ ಹುದ್ದೆಗೆ ನಮ್ಮವನು ಬೇಕಂತೆ, ಖಜಾಂಚಿ ಹುದ್ದೆಗೆ ಅವರವಳಂತೆ! ಎರಡು ದೋಣಿ ಮೇಲೆ ಕಾಲಿಡ್ತಿದ್ದೀಯ," ಎಂದು ಹಾಲಿಸ್ ಗದರಿದ.

ವಿಲ್ಮಾ ಹೌದೆಂದು ತಲೆಯಾಡಿಸಿದಳು. "ಇವಳಿಗಿಂತ ನೀನೇ ವಾಸಿ ಕಣೋ ಹಾಲಿಸ್. ನಿಂದು ಒಂದೇ ಮಾತು."

ಇಷ್ಟು ವರ್ಷ ಬಾರದ ಸ್ನೇಹ ತನ್ನನ್ನು ಬಯ್ಯುವುದಕ್ಕೆ ಬಂತಲ್ಲ ಎಂದು ಡೊರೀನಳ ಮೈಯೆಲ್ಲ ಉರಿಯಿತು. "ನಾನು ಮನುಷ್ಯರನ್ನ ನೋಡಿ ವೋಟು ಹಾಕ್ತೀನಿ, ಬಣ್ಣ ನೋಡಿ ಅಲ್ಲ," ಎಂದು ಫೋನ್ ಎತ್ತಿ ಫೋಟೋ ಹೊಡೆದಳು. "ಹಾಲಿಸ್ ಕೈಲಿ ನೀಲಿ, ವಿಲ್ಮಾ ಕಂಕುಳಲ್ಲಿ ಕೆಂಪು. ಎಷ್ಟು ಚೆನ್ನಾಗಿ ಒಪ್ಪುತ್ತೆ! ನಿಮ್ಮ ನಿಮ್ಮ ಪಕ್ಷದವರಿಗೆ ಕಳಿಸ್ಲಾ?"

ಕೆಂಡ ಮುಟ್ಟಿದವರಂತೆ ಇಬ್ಬರೂ ಬೋರ್ಡು ಬಿಸುಟರು.

"ಕಿತ್ತೋರೇ ನೆಡಿ. ಆಮೇಲೆ ಫೋಟೋ ಅಳಿಸೋ ಮಾತು."

ಹಾಲಿಸ್ ಬೀದಿಯ ಆಚೀಚೆ ನೋಡಿದ. ಆಮೇಲೆ ಮಂಡಿಯೂರಿ, ನೀಲಿ ಬೋರ್ಡನ್ನು ಎರಡೂ ಕೈಯಿಂದ ಮಣ್ಣಿಗೆ ಒತ್ತತೊಡಗಿದ.

"ಸೊಟ್ಟಗಿದೆ," ಎಂದಳು ಡೊರೀನ್. "ನೆಟ್ಟಗೆ ನಿಲ್ಲಿಸು."