ಮಂಚದ ಪಕ್ಕದ ಕಾಮೆಂಟರಿ

ಭವಿತಾ ಮುಂದಿನ ಬಾಗಿಲು ತಟ್ಟಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬದಿಯಿಂದ ಬಂದಳು. ಹೇಳಿ ಬಂದರೆ ಯಾರು ಸಿಕ್ಕಿಬೀಳುತ್ತಾರೆ?

ಸಿಕ್ಕಿಬೀಳಬೇಕಾದವಳು ಅತ್ತಿಗೆ ಶರ್ಮಿಳಾ. ಅಣ್ಣ ಉದಯನಿಗೆ ಪಾರ್ಶ್ವವಾಯು ಬಡಿದು ಒಂದು ಮಳೆಗಾಲ ಕಳೆದಿತ್ತು. ಮಾತಿಲ್ಲ, ಕೈಕಾಲಿಲ್ಲ, ಕಣ್ಣು ಸದಾ ಮೇಲೆ ಮಾಡಿನ ಕಡೆ. ಪುತ್ತೂರಿನ ಡಾಕ್ಟರು ಹೇಳಿದ್ದಿಷ್ಟು: ಅರಿವು ಇದೆಯೋ ಇಲ್ಲವೋ ಈಗ ಹೇಳಲಾಗದು, ಸಣ್ಣ ಗುರುತು ಕಂಡರೂ ತಕ್ಷಣ ಕರೆತನ್ನಿ, ಮಾತೂ ಮರಳಿ ಬಂದೀತು. ಗುರುತು ಏನೂ ಇಲ್ಲ ಎಂದು ಶರ್ಮಿಳಾ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಇವಳು ಹತ್ತಿರ ಹೋಗಿ ನೋಡಿದರಲ್ಲವೇ ಕಾಣುವುದು ಎಂದು ಭವಿತಾಳಿಗೆ ಸಂಶಯ. ಹೊಲಸು ಹಾಸಿಗೆ, ಬೆನ್ನಿನ ಹುಣ್ಣು, ಏನಾದರೂ ಒಂದು ಕಂಡರೆ ಸಾಕು, ಅಣ್ಣನನ್ನು ಇವತ್ತೇ ಮಂಗಳೂರಿನ ಆಸ್ಪತ್ರೆಗೆ ಸಾಗಿಸುವುದೆಂದು ತೀರ್ಮಾನಿಸಿ ಅರಂತೋಡಿನಿಂದ ಐವರ್ನಾಡಿಗೆ ಬಂದಿದ್ದಳು.

ಒಳಗಿಂದ ನಗು ಕೇಳಿಸಿತು. ಹೆಂಗಸಿನ ನಗು. ಥೂ, ಗಂಡ ಹೀಗೆ ಬಿದ್ದಿರುವಾಗ!

ಬಾಗಿಲ ಸಂದಿನಿಂದ ಇಣುಕಿದಳು. ಶರ್ಮಿಳಾ ಮಂಚದ ಪಕ್ಕ ಕುಳಿತು ಮೊಬೈಲನ್ನು ಗಂಡನ ಮುಖಕ್ಕೆ ಹಿಡಿದಿದ್ದಳು.

"ನೋಡಿ, ಈ ದೊಡ್ಡ ದೇಶದವರು ಜಗಳ ಬಿಡಿಸ್ಲಿಕ್ಕೆ ಹೋದದ್ದಂತೆ. ಈಗ ಆ ಜಾಗದಲ್ಲಿ ಇವರೇ ಕೂತಿದ್ದಾರೆ. ಬಸ್ಸಲ್ಲಿ ಸೀಟಿನ ಜಗಳ ಬಿಡಿಸಿದವನೇ ಸೀಟಲ್ಲಿ ಕೂತ ಹಾಗೆ ಆಯ್ತು!"

ಟಕ್.

"ಬೇಡವಾ? ಹಾಗಾದ್ರೆ ಸಿನಿಮಾ. ಹೀರೋನ ಹೊಟ್ಟೆಗೆ ಗುಂಡು ಬಿದ್ದಿದೆ, ಕ್ರಾಪು ಮಾತ್ರ ಒಂಚೂರೂ ಕೆದರಲಿಲ್ಲ. ಎಂತ ಎಣ್ಣೆ ಹಾಕುದಪ್ಪ ಇವ?"

ಟಕ್.

ಭವಿತಾ ಕಿವಿಗೊಟ್ಟಳು. ಇದು ಅಣ್ಣನದೇ ಧಾಟಿ. ಬೆಳ್ಳಾರೆ–ಪುತ್ತೂರು ಬಸ್ಸಿನ ಕಂಡಕ್ಟರ್ ಉದಯನ ಬಾಯಿಗೆ ಹೆದರದ ಪ್ರಯಾಣಿಕರಿರಲಿಲ್ಲ. ಆಮೇಲೆ ಅವನು ಅದೇ ಬಾಯಿಯನ್ನು ಯೂಟ್ಯೂಬಿಗೆ ತಂದ. ಪ್ರಪಂಚದ ಸುದ್ದಿ, ಊರಿನವರ ವೀಡಿಯೋ, ಸಿನಿಮಾ, ಎಲ್ಲದಕ್ಕೂ ಅವನ ಕಾಮೆಂಟರಿ. ಯಾರ ಮಾನವನ್ನೂ ಉಳಿಸಿದವನಲ್ಲ. ಜನ ಹೊಟ್ಟೆ ಹಿಡಿದು ನಕ್ಕರು.

"ಅತ್ತಿಗೇ," ಎನ್ನುತ್ತ ಭವಿತಾ ಒಳಗೆ ಬಂದಳು.

ಶರ್ಮಿಳಾ ಬೆಚ್ಚಿದಳು. ಮರುಕ್ಷಣವೇ ಟವೆಲೊಂದನ್ನು ಮಡಚಿ ಗಂಡನ ಬಲಗೈಯ ಅಡಿಗೆ ಇಟ್ಟಳು.

"ಅದೆಂತ ಶಬ್ದ ಬಂದದ್ದು?"

"ಬೆರಳು ಮಾರಾಯ್ತಿ. ನರ ಎಳೆದು ಮಂಚದ ಸರಳಿಗೆ ಬಡೀತದೆ. ಡಾಕ್ಟ್ರಿಗೂ ಹೇಳಿ ಆಗಿದೆ. ಉಗುರು ಕಿತ್ತು ಹೋಗ್ತದಲ್ಲ ಅಂತ ಬಟ್ಟೆ ಇಡುದು."

ಭವಿತಾ ಹಾಸಿಗೆ ನೋಡಿದಳು, ಬೆನ್ನು ಹೊರಳಿಸಿ ನೋಡಿದಳು. ಶುಭ್ರ. ಗಲ್ಲದ ಗಡ್ಡ ಕೂಡ ಬೆಳಿಗ್ಗೆ ತೆಗೆದಂತಿತ್ತು. ಸಂಶಯಪಟ್ಟ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಅಣ್ಣನ ಮುಖದ ಮೇಲೆ ಬಾಗಿದಳು.

"ಅಣ್ಣಾ, ನಾನು ಭವಿತಾ. ಕೇಳ್ತದಾ? ಕೇಳಿದ್ರೆ ಒಮ್ಮೆ ಕಣ್ಣು ಮುಚ್ಚು."

ಕಣ್ಣು ಮುಚ್ಚಲಿಲ್ಲ. ಮೂಲೆಯಿಂದ ನೀರು ಇಳಿಯಿತು.

"ಈಗಷ್ಟೇ ಕಣ್ಣಿಗೆ ಮದ್ದು ಬಿಟ್ಟದ್ದು," ಎಂದು ಶರ್ಮಿಳಾ ಸೆರಗಿನಿಂದ ಒರೆಸಿದಳು. ಭವಿತಾ ಕಣ್ಣನ್ನೇ ನೋಡುತ್ತಿದ್ದಳು. ಟವೆಲಿನ ಮೇಲಿದ್ದ ಬೆರಳನ್ನು ಅವಳು ನೋಡಲಿಲ್ಲ.

ಚಹಾ ಬಂತು. ಚಹಾದ ಜೊತೆ ಹಳೆಯ ನೆನಪುಗಳೂ ಬಂದವು.

"ಅಣ್ಣನ ಎಲ್ಲ ವೀಡಿಯೋದಲ್ಲಿ ನಿಮ್ಮದೇ ಟಾಪು ಅತ್ತಿಗೆ. ನಿಮ್ಮ ಅಮ್ಮ ತೀರಿದಾಗ ನೀವು ಹೆಣದ ಮೇಲೆ ಬಿದ್ದು ಅತ್ತದ್ದು. ಅದಕ್ಕೆ ಸಿನಿಮಾ ಮ್ಯೂಸಿಕ್ಕು! ಹೀರೋಯಿನ್‌ಗಿಂತ ಒಂದು ಬಕೆಟ್ ಜಾಸ್ತಿ ಅಂದಿದ್ದ. ಎಷ್ಟು ಲಕ್ಷ ಜನ ನೋಡಿದ್ರು! ನಿಲ್ಲಿಸಿ ಅಂತ ನೀವು ಕಾಲು ಹಿಡಿದ್ರಿ, ಅವ ಬಸ್ಸು ಹೊರಡಿಸಿದ ಹಾಗೆ 'ಜನ ನೋಡ್ತಾ ಇದ್ದಾರೆ, ರೈಟ್ ಪೋಯಿ' ಹೇಳಿದ್ನಂತೆ. ಅವನ ಬಾಯಿಯೇ!"

"ಹೌದು," ಶರ್ಮಿಳಾಳೂ ನಕ್ಕಳು. "ಅದನ್ನು ದಿನಾ ಹಾಕ್ತೇನೆ. ಅವರಿಗೆ ಅಷ್ಟು ಇಷ್ಟ ಇದ್ದದ್ದಲ್ಲ?"

ಭವಿತಾ ಅತ್ತೇಬಿಟ್ಟಳು. "ನಿಮ್ಮ ಹಾಗೆ ನೋಡಿಕೊಳ್ಳಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಮಂಗಳೂರೆಲ್ಲ ಸುಮ್ನೆ. ಅಣ್ಣ ಇಲ್ಲೇ ಇರ್ಲಿ, ಕೊನೇವರೆಗೂ."

"ಇರ್ಲಿ," ಎಂದಳು ಶರ್ಮಿಳಾ.

ಮನೆಯ ಎದುರೇ ರಸ್ತೆ. ಸುಳ್ಯದ ಬಸ್ಸು ಬಂತು. ಕಂಡಕ್ಟರ್ ಒಂದು ವಿಸಿಲ್ ಕೊಟ್ಟ, ಬಸ್ಸು ನಿಂತಿತು. ಭವಿತಾ ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಎರಡು ವಿಸಿಲ್ ಕೊಟ್ಟ, ಬಸ್ಸು ಹೊರಟಿತು. ಶಬ್ದ ಪೂರ್ತಿ ಅಡಗುವವರೆಗೂ ಶರ್ಮಿಳಾ ಗೇಟಿನಲ್ಲೇ ನಿಂತಿದ್ದಳು.

ಆಮೇಲೆ ಒಳಗೆ ಬಂದು ಟವೆಲು ಎಳೆದು ತೆಗೆದಳು. ಮೊಬೈಲಿನ ಧ್ವನಿ ಏರಿಸಿ ಆ ವೀಡಿಯೋ ಹಾಕಿದಳು. ಅವಳ ಅಳು, ಅದರ ಮೇಲೆ ಪಿಟೀಲು, ಅದರ ಮೇಲೆ ಉದಯನ ನಗು.

ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್.

ಶರ್ಮಿಳಾ ಅವನ ಕಿವಿಯ ಹತ್ತಿರ ಬಾಗಿದಳು. "ಒಂದು ಕೊಟ್ರೆ ನಿಲ್ಲಿಸು ಅಂತ ಅಲ್ವಾ? ಕಂಡಕ್ಟರನ ಹೆಂಡತಿ ನಾನು, ಮೊದಲ ದಿನವೇ ಗೊತ್ತಾಗಿದೆ," ಎಂದು, ಮಂಚದ ಸರಳಿಗೆ ತಾನೇ ಎರಡು ಸಲ ಬಡಿದಳು. "ರೈಟ್ ಪೋಯಿ."