ತಾಮ್ರದ ಬಣ್ಣದ ಕೂದಲು

ಸ್ನಾನದ ಮನೆಯ ಕಸದ ಬುಟ್ಟಿಯಲ್ಲಿ ಕೂದಲಿನ ಬಣ್ಣದ ಖಾಲಿ ಟ್ಯೂಬ್ ಕಂಡಾಗ ಅವನಿಗೆ ಮೊದಲು ಬಂದದ್ದು ಕೋಪವಲ್ಲ, ಭಯ. ಹೆಂಡತಿಯ ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣಿಗೆ ದಾನಿಯ ಕಾರ್ನಿಯಾ ಕಸಿ ಮಾಡಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕೂದಲಿನ ಬಣ್ಣ ಅವಳ ಮೈಗೆ ಒಗ್ಗುವುದಿಲ್ಲ, ಇನ್ನೊಮ್ಮೆ ಕಣ್ಣು ಊದಿಕೊಂಡರೆ ಕಸಿ ನಿಲ್ಲುವ ಭರವಸೆ ಇಲ್ಲ ಎಂದು ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

ಕೇಳಿದ್ದಕ್ಕೆ, ಬಿಳಿಕೂದಲು ಚೆನ್ನಾಗಿ ಕಾಣುವುದಿಲ್ಲ ಎಂದಳು. ಅಷ್ಟೇ.

ತನ್ನ ತಂಗಿ ಪುಟ್ಟಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದವಳು. ಈಗ ತಾಮ್ರದ ಬಣ್ಣದ ಕೂದಲು, ತುಟಿಗೆ ರಂಗು. ಭಾನುವಾರ ಬಂತೆಂದರೆ ಗೆಳತಿಯ ಮನೆಗೆಂದು ಹೊರಡುವುದು. ಕೆಂಡದಂತಾದ ಕಣ್ಣನ್ನು ಮುಚ್ಚಲು ಕಪ್ಪು ಕನ್ನಡಕ. ಅವನ ತಲೆಯೊಳಗೆ ಹುಳ ಕೊರೆಯತೊಡಗಿತು.

"ಯಾರಿಗೋಸ್ಕರ ಇದೆಲ್ಲ?"

"ಹೇಳಿದ್ರೆ ನೀವು ಹೋಗೋಕೆ ಬಿಡಲ್ಲ," ಎಂದು ಚಪ್ಪಲಿ ಮೆಟ್ಟಿದಳು.

ಆ ಭಾನುವಾರ ಅವನು ಹಿಂಬಾಲಿಸಿದ. ಬಸ್ಸಿಳಿದವಳು ಕಾಂಪೌಂಡಿನ ಗೋಡೆ ತಡವುತ್ತ ನಡೆದು ಒಂದು ಗೇಟಿನೊಳಗೆ ಹೋದಳು. ಅವನಿಗೆ ಗೊತ್ತಿದ್ದ ಗೇಟೇ. ನೆನಪು ಕಳೆದುಕೊಂಡ ಅತ್ತೆಯನ್ನು ನೋಡಿಕೊಳ್ಳುವ ಆಶ್ರಮ. ಪುಟ್ಟಿ ಹೋದ ಮೇಲೆ ಅಮ್ಮನ ಮುಖ ನೋಡುವ ಧೈರ್ಯ ತನಗಿಲ್ಲ, ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಅವಳೇ ಹೇಳಿದ್ದಳಲ್ಲ?

ಬಾಗಿಲಲ್ಲಿದ್ದ ನರ್ಸು ಅವನ ಗುರುತು ಹಿಡಿದು, ಕೇಳದೆಯೇ ಎಲ್ಲ ಹೇಳಿದಳು. ಪುಟ್ಟಿ ಎಲ್ಲಿ ಎಂದು ಮುದುಕಿ ಕೇಳುವುದು, ಇಲ್ಲ ಎಂದು ಗೊತ್ತಾದೊಡನೆ ಆಗಷ್ಟೇ ಸುದ್ದಿ ಬಂದಂತೆ ಎದೆ ಬಡಿದುಕೊಳ್ಳುವುದು, ಮರೆತು ಮತ್ತೆ ಕೇಳುವುದು. ಅನ್ನ ಮುಟ್ಟುವುದನ್ನೇ ನಿಲ್ಲಿಸಿದ್ದರಂತೆ. ಆಮೇಲೊಂದು ದಿನ ದೊಡ್ಡ ಮಗಳು ತಂಗಿಯ ಹಾಗೆಯೇ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದರಂತೆ. ಅವರ ಕೈಯಲ್ಲಾದರೆ ಎರಡು ತುತ್ತು ತಿನ್ನುತ್ತಾರಂತೆ.

ಅವನು ಕಿಟಕಿಯ ಬಳಿ ನಿಂತ. ಒಳಗೆ ಅವಳು ತಟ್ಟೆ ಎಲ್ಲಿದೆಯೆಂದು ಬೆರಳಿನಿಂದ ತಡಕಿ, ತುತ್ತು ಕಲಸಿ, ತಾಯಿಯ ಬಾಯಿ ಸಿಗುವವರೆಗೂ ಗಾಳಿಯಲ್ಲಿ ಕೈ ಚಾಚಿದಳು. ಬಲಗಣ್ಣೂ ಹೋಗಿದೆಯೆಂದು ಅವನಿಗೆ ಆಗ ತಿಳಿಯಿತು. ಕಿಟಕಿಯ ಸರಳು ಹಿಡಿದುಕೊಂಡ.

ಮುದುಕಿ ತುತ್ತು ನುಂಗಿ, ಆ ಕೂದಲನ್ನು ಮೆಲ್ಲಗೆ ನೇವರಿಸಿದರು.

"ನೀನಾದ್ರೂ ಬರ್ತೀಯಲ್ಲ ಪುಟ್ಟಿ. ನಿಮ್ಮಕ್ಕ ನೋಡು, ಒಂದು ದಿನಾನೂ ಈ ಕಡೆ ತಲೆ ಹಾಕಲಿಲ್ಲ."