ನಲ್ಲಿ ಎದುರಿನ ಹಂಪು

ಹಂಪು ಹಾಕಿದವರು ಯಾರೆಂದು ಪಂಚಾಯಿತಿ ಅಧ್ಯಕ್ಷ ವಿಚಾರಿಸಬೇಕಾಗಿರಲಿಲ್ಲ. ಬೀದಿ ನಲ್ಲಿಯ ಎದುರಿಗೆ, ಜಲ್ಲಿ ಲಾರಿಗಳು ಓಡಾಡುವ ರಸ್ತೆಗೆ ಅಡ್ಡಲಾಗಿ, ಕಲ್ಲು ಮಣ್ಣು ಸಿಮೆಂಟು ಕಲಸಿ ಮೆತ್ತಿದ್ದ ದಿಬ್ಬ ಅದು. ಪಕ್ಕದಲ್ಲೇ ಅವನ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಉಗುರು ಸಂದಿಯ ಸಿಮೆಂಟು ಇನ್ನೂ ಹೋಗಿರಲಿಲ್ಲ.

“ಇದು ಪಂಚಾಯಿತಿ ರಸ್ತೆ ಅಲ್ಲ ಅಕ್ಕ. ಮೇಲಿನ ಕಚೇರಿಯವರದ್ದು. ಅವರನ್ನ ಕೇಳದೆ ಒಂದು ಕಲ್ಲೂ ಇಡೋ ಹಾಗಿಲ್ಲ.”

“ನಿನ್ನ ಕೇಳಿದ್ನಲ್ಲ. ನೀನು ಅವರನ್ನ ಕೇಳ್ತೀನಿ ಅಂದೆ.”

“ಕೇಳಿದೀನಿ. ನೋಡೋಣ ಅಂದಿದಾರೆ.”

“ಅವರು ನಿಧಾನಕ್ಕೆ ನೋಡ್ಲಿ. ನಮಗೆ ನೀರು ದಿನಾ ಬೇಕು.”

ಮನೆಗಳೆಲ್ಲ ರಸ್ತೆಯ ಈ ಕಡೆ, ನಲ್ಲಿ ಆ ಕಡೆ. ಅಕ್ಕ ಬಟ್ಟೆ ಹೊಲಿದು ಬದುಕುವವಳು. ಹೊಲಿಗೆ ಬಿಟ್ಟು ಏಳಲಾಗದಾಗ ನೀರಿಗೆ ಹೋಗುತ್ತಿದ್ದದ್ದು ಮಗಳು. ಒಂದು ಬೆಳಿಗ್ಗೆ ಕೊಡ ಹೊತ್ತು ದಾಟುವಾಗ ಅವಳಿಗೆ ಲಾರಿ ತಗುಲಿತು. ಈಗ ಹುಡುಗಿ ಊರುಗೋಲು ಹಿಡಿದು ಹೊಸ್ತಿಲವರೆಗೆ ಬರುತ್ತಾಳೆ, ಅಷ್ಟೇ. ಹಂಪು ಬಂದ ಮೇಲೆ ಲಾರಿಗಳು ನಲ್ಲಿಯ ಹತ್ತಿರ ತೆವಳಿಕೊಂಡು ಹೋಗತೊಡಗಿದವು. ಕ್ವಾರಿಯ ಮಾಲೀಕ ದೂರು ಕೊಟ್ಟ. ಸಂಜೆಯೊಳಗೆ ತೆಗೆಸಿ, ಇಲ್ಲದಿದ್ದರೆ ಹಾಕಿದವರ ಮೇಲೆ ಕೇಸು ಹಾಕುತ್ತೇವೆ ಎಂದು ಮೇಲಿನ ಕಚೇರಿಯ ಸಾಹೇಬರು ಅಧ್ಯಕ್ಷನಿಗೆ ಹೇಳಿದರು. ಯಾರು ಹಾಕಿದ್ದೆಂದು ಕೇಳಿದಾಗ ಅವನು ಗೊತ್ತಿಲ್ಲ ಎಂದಿದ್ದ.

ಅದನ್ನೇನೂ ಅವನು ಅಕ್ಕನಿಗೆ ಹೇಳಲಿಲ್ಲ. ಜೊತೆಗೆ ಬಂದಿದ್ದ ಮೇಸ್ತ್ರಿಗೆ ಕಣ್ಸನ್ನೆ ಮಾಡಿದ. ಮೇಸ್ತ್ರಿ ಗುದ್ದಲಿ ಎತ್ತಿದವನು ಅವಳ ಮುಖ ನೋಡಿ ಕೆಳಗಿಟ್ಟ.

“ನನ್ನ ಹೆಂಡ್ತಿನೂ ಇದೇ ನಲ್ಲಿಗೆ ಬರ್ತಾಳೆ ಅಣ್ಣ. ಮೊದಲ ಏಟು ನೀವೇ ಹಾಕಿಬಿಡಿ.”

ಅಧ್ಯಕ್ಷ ಅಂಗಿಯ ತೋಳು ಮಡಚಿ ಗುದ್ದಲಿ ಎತ್ತಿಕೊಂಡ. ಸಿಮೆಂಟಿಗಿಂತ ಮಣ್ಣೇ ಹೆಚ್ಚಿತ್ತು. ದಿಬ್ಬ ಬಹಳ ಹೊತ್ತು ತಡೆಯಲಿಲ್ಲ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಕೊನೆಯ ಕಲ್ಲು ರಸ್ತೆಯ ಅಂಚಿಗೆ ಬಿದ್ದ ಮೇಲೆ ಒಳಗೆ ಹೋಗಿ, ತಾನು ಹೊಲಿಯಲು ಕೂರುವ ಕುರ್ಚಿಯನ್ನು ಎತ್ತಿಕೊಂಡು ಬಂದಳು. ದಿಬ್ಬವಿದ್ದ ಜಾಗದಲ್ಲಿ, ನಟ್ಟನಡುವೆ ಹಾಕಿ ಕೂತಳು. ಮಡಿಲಲ್ಲಿ ಯಾರದೋ ಅಂಗಿ. ಗುಂಡಿ ಹಚ್ಚತೊಡಗಿದಳು.

“ಏಳಕ್ಕ. ಜನ ನೋಡ್ತಿದಾರೆ.”

“ಡ್ರೈವರುಗಳೂ ನೋಡ್ತಾರೆ. ಅದೇ ಬೇಕಾಗಿರೋದು.”

“ನೋಡದೇ ಮೇಲೆ ಹತ್ತಿಸಿದ್ರೆ?”

“ಅಧ್ಯಕ್ಷರ ಸೋದರ ಸೊಸೆ ಅಂತ ಅವತ್ತು ಬ್ರೇಕ್ ಹಾಕ್ಲಿಲ್ಲ. ಅಕ್ಕ ಅಂತ ಹಾಕ್ತಾರೇನೋ ನೋಡೋಣ.” ಅವಳು ದಾರ ಕಚ್ಚಿ ಕಡಿದಳು.

ಅಷ್ಟರಲ್ಲಿ ತಿರುವಿನಲ್ಲಿ ಲಾರಿ ಬಂತು. ಹಾರ್ನ್ ಮಾಡಿತು, ಮತ್ತೆ ಮಾಡಿತು, ಕೊನೆಗೆ ಕಿರ್ರೆಂದು ನಿಂತಿತು. ಅಧ್ಯಕ್ಷ ಅಷ್ಟು ಹೊತ್ತಿಗೆ ಅಕ್ಕನ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದ. ತಲೆ ನರೆತ ಡ್ರೈವರು ಕಿಟಕಿಯಿಂದ ಬಗ್ಗಿ ರಸ್ತೆ ನೋಡಿದ.

“ಹಂಪು ಎಲ್ಲಿ ಹೋಯ್ತು?”

“ತೆಗೆದ್ವಿ,” ಎಂದ ಅಧ್ಯಕ್ಷ. “ನಿಮ್ಮ ಯಜಮಾನರೇ ದೂರು ಕೊಟ್ಟಿದ್ದು.”

“ಅವರಿಗೇನ್ರೀ. ಟ್ರಿಪ್ ಕಮ್ಮಿ ಆದ್ರೆ ಬೈಸಿಕೊಳ್ಳೋನು ನಾನು. ಹಂಪಿದ್ದಾಗ ‘ಹಂಪಿಂದ ತಡ ಆಯ್ತು’ ಅಂತಿದ್ದೆ. ಇನ್ನು ಏನಂತ ಹೇಳ್ಲಿ?”

ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಹೊಸ್ತಿಲಿನಿಂದ ಹುಡುಗಿ ಕೂಗಿದಳು. “ಅಮ್ಮಾ, ಸಾಕು ಬಾರಮ್ಮ.” ತಾಯಿ ತಲೆ ಎತ್ತದ್ದು ಕಂಡು, ಊರುಗೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿದಳು. ಅದು ಜಾರಿತು. ಅಕ್ಕ ಅಂಗಿಯನ್ನು ಅಲ್ಲೇ ಚೆಲ್ಲಿ ಓಡಿದಳು; ಬೀಳುವ ಮೊದಲೇ ಮಗಳ ರಟ್ಟೆ ಹಿಡಿದು, ಗದರುತ್ತಲೇ ಒಳಗೆ ಕರೆದುಕೊಂಡು ಹೋದಳು.

ರಸ್ತೆಯ ಮಧ್ಯೆ ಕುರ್ಚಿ ಖಾಲಿ ಉಳಿಯಿತು. ಇದೇ ಸಮಯವೆಂದು ಮೇಸ್ತ್ರಿ ಅದಕ್ಕೆ ಕೈ ಹಾಕಿದ.

“ಇರ್ಲಿ ಬಿಡು,” ಎಂದ ಅಧ್ಯಕ್ಷ. ಬಿದ್ದಿದ್ದ ಅಂಗಿಯನ್ನು ಎತ್ತಿ, ಮಣ್ಣು ಕೊಡವಿ, ತೊಡೆಯ ಮೇಲಿಟ್ಟುಕೊಂಡು ತಾನೇ ಕೂತ. ಕುರ್ಚಿ ಅವನ ಮೈಗೆ ಸಣ್ಣದು. ಮೊಣಕಾಲು ಎದೆಯ ಹತ್ತಿರ ಬಂದವು. ಡ್ರೈವರು ಬೀಡಿಯನ್ನು ಎಸೆದು, ಲಾರಿಯನ್ನು ಅರ್ಧ ಮಣ್ಣಿಗಿಳಿಸಿ, ಇರುವೆಯ ಹಾಗೆ ನಿಧಾನಕ್ಕೆ ಅವನನ್ನು ಸುತ್ತಿಕೊಂಡು ಹೋದ. ಹಿಂದೆ ಇನ್ನೊಂದು ಲಾರಿ ಬಂದು ನಿಂತಿತು.

ಮೇಲಿನ ಕಚೇರಿಯಿಂದ ಫೋನು ಬಂತು.

“ತೆಗೆದಾಯ್ತು ಸಾರ್,” ಎಂದ ಅಧ್ಯಕ್ಷ. “ನಾನೇ ನಿಂತು ತೆಗೆಸಿದೆ. ಈಗ ರಸ್ತೆ ಅಂಗೈ ಹಾಗಿದೆ. ಯಾವ ಹಂಪೂ ಇಲ್ಲ.”

ಅವನ ಬೆನ್ನ ಹಿಂದೆ, ನಿಂತ ಲಾರಿಯ ಮುಂದೆ, ಇಬ್ಬರು ಹೆಂಗಸರು ತುಂಬಿದ ಕೊಡ ಹೊತ್ತು, ನೀರು ತುಳುಕದಷ್ಟು ನಿಧಾನವಾಗಿ ದಾಟುತ್ತಿದ್ದರು.